ಹತ್ತಿಯ ಹುಳಕ್ಕಿರುವ ಪರೀಕ್ಷೆ ನನ್ನ ಮಗಳಿಗಿಲ್ಲವೇ?

ಮಾನ್ಯ ಆರೋಗ್ಯಾಧಿಕಾರಿಗಳೇ,

ನನಗೆ ಹತ್ತಿ ಗಿಡದ ಮೇಲೆ ಹೊಟ್ಟೆಕಿಚ್ಚು. ನಗಬೇಡಿ. ಶಹಾಪುರದ ಕಾಲುವೆ ಬಯಲಿನಲ್ಲಿ ನಮ್ಮ ಭಾವ ಪರಮಣ್ಣನವರ ಹತ್ತಿಗೆ ಸಿಗುವ ಉಪಚಾರ ನನ್ನ ಏಳು ವರ್ಷದ ಮಗಳು ಮೌನಮ್ಮನಿಗೆ ಸಿಗುತ್ತಿಲ್ಲ ಎಂಬುದೇ ನನ್ನ ದೂರು.

ಈ ಹಂಗಾಮಿನಲ್ಲಿ ಭಾವನವರು ಎಷ್ಟು ಕೀಟನಾಶಕ ಹೊಡೆದರೂ ಕಾಯಿ ಕೊರೆಯುವ ಹುಳ ಸಾಯಲಿಲ್ಲ. ಕೂಡಲೇ ಕೃಷಿ ಅಧಿಕಾರಿ ಜೀಪಿನಲ್ಲಿ ಬಂದರು. ಹುಳಗಳನ್ನು ಶೀಸೆಯಲ್ಲಿ ಹಾಕಿ ಪರೀಕ್ಷೆಗೆ ಒಯ್ದರು. ಹುಳ ಆ ಔಷಧಕ್ಕೆ ಒಗ್ಗಿಹೋಗಿದೆ, ಬೇರೆಯದು ಹೊಡೆಯಿರಿ ಎಂದು ಹೇಳಲು ಮತ್ತೆ ತಾವೇ ಬಂದರು. ಈಗ ಆ ಹೊಲ ಎಷ್ಟು ಚೆನ್ನಾಗಿದೆಯೆಂದರೆ ಅದರ ಬದುವಿನ ಮೇಲೆ ನಡೆಯಲು ನನಗೆ ಮನಸ್ಸಾಗುವುದಿಲ್ಲ.

ಅದೇ ದಿನಗಳಲ್ಲಿ ಮೌನಮ್ಮನಿಗೆ ರಕ್ತಭೇದಿ ಹತ್ತಿತು. ಎಮ್ಮೆ ಮೀಯುವ ಕಾಲುವೆಯ ನೀರನ್ನೇ ನಾವೂ ಕುಡಿಯುತ್ತೇವೆ, ಹಾಗಾಗಿ ಅಚ್ಚರಿಪಡುವಂಥದ್ದೇನಿಲ್ಲ. ತಮ್ಮ ಆರೋಗ್ಯ ಕೇಂದ್ರದಲ್ಲಿ ಗುಳಿಗೆ ಕೊಟ್ಟರು. ಭೇದಿ ನಿಲ್ಲಲಿಲ್ಲ. ಮತ್ತೆ ಹೋದೆ, ಮತ್ತೆ ಅದೇ ಗುಳಿಗೆ. ಕೆಮ್ಮಿಗೂ ನೆಗಡಿಗೂ ಕಿರಾಣಿ ಅಂಗಡಿಯಲ್ಲಿ ಬಿಡಿಯಾಗಿ ಮಾರುವ, ಊರೆಲ್ಲ ಪುಟಾಣಿ ಕಡಲೆಯಂತೆ ತಿಂದು ಮುಗಿಸಿದ ಗುಳಿಗೆ ಅದು. ಹೊಲದ ಹುಳ ಔಷಧಕ್ಕೆ ಒಗ್ಗುವುದಾದರೆ ಹೊಟ್ಟೆಯ ರೋಗಾಣು ಒಗ್ಗುವುದಿಲ್ಲವೇ? ನರ್ಸ್ ಹಜರಾಬೀ ಅವರೇ ಒಪ್ಪಿಕೊಂಡರು: ಯಾವ ಔಷಧಕ್ಕೆ ರೋಗಾಣು ಸಾಯುತ್ತದೆ ಎಂದು ಮಲ ಪರೀಕ್ಷೆ ಮಾಡಿಸಿ ತಿಳಿಯಬೇಕು, ಆ ಸೌಕರ್ಯ ಇಲ್ಲಿಲ್ಲ.

ಜೀಪು ಮತ್ತೆ ಬಂದ ದಿನ ನಾನೂ ಒಂದು ಶೀಸೆ ಹಿಡಿದು ಅದರ ಮುಂದೆ ನಿಂತೆ.

"ಸಾಹೇಬ್ರ, ಇದನ್ನೂ ಒಯ್ರಿ. ಇದ್ರಾಗಿನ ಹುಳಾನೂ ಔಷಧಕ್ಕ ಸಾಯವಲ್ದು."

ಅವರು ನಗಲಿಲ್ಲ, ತಲೆ ತಗ್ಗಿಸಿದರು. "ಅಕ್ಕಾರ, ನಮ್ಮಲ್ಲಿ ಬೆಳಿದಷ್ಟ ನೋಡ್ತಾರ್ರಿ. ಮಂದೀದು ನೋಡಂಗಿಲ್ಲ."

ಮಂದಿಯದನ್ನು ನೋಡುವವರು ತಾವಲ್ಲವೇ? ತಮ್ಮ ಜೀಪಿಗೆ ನಮ್ಮ ಊರಿನ ದಾರಿ ಗೊತ್ತಿಲ್ಲವೇ?

ಮಗಳು ಈಗ ಎದ್ದು ಕೂರಲಾರಳು. ಉಪ್ಪು ಸಕ್ಕರೆಯ ನೀರು ಗುಟುಕು ಗುಟುಕಾಗಿ ಕುಡಿಸುತ್ತಿದ್ದೇನೆ. ನಿನ್ನೆ ಕೇಳಿದಳು: "ಯವ್ವಾ, ದೊಡ್ಡಪ್ಪನ ಹತ್ತಿ ಆರಾಮ ಆತೇನು?" ಆಯಿತು ಎಂದೆ. ಮುಂದೇನು ಕೇಳುವಳೋ ಎಂದು ಹೆದರಿ ಒಲೆಯ ಕಡೆ ಎದ್ದುಹೋದೆ.

ನನ್ನ ಬೇಡಿಕೆ ದೊಡ್ಡದಲ್ಲ. ತಮ್ಮವರು ಬಂದು ಶೀಸೆ ಒಯ್ಯಲಿ, ಪರೀಕ್ಷೆ ಮಾಡಿಸಲಿ, ತಾಗುವ ಔಷಧ ತರಲಿ. ಬಿಡಿ ಗುಳಿಗೆಯ ಮಾರಾಟ ನಿಲ್ಲಿಸಲಿ. ಹತ್ತಿ ಹೋದರೆ ಭಾವನವರು ಮುಂದಿನ ಹಂಗಾಮಿಗೆ ಮತ್ತೆ ಬಿತ್ತುತ್ತಾರೆ. ನನಗಿರುವುದು ಇವಳೊಬ್ಬಳೇ.

ಇಂತಿ,
ಗಿಡದ ಮೇಲೆ ಹೊಟ್ಟೆಕಿಚ್ಚು ಪಡುವ ಗತಿ ಬಂದ ತಾಯಿ,
ಮಾನಮ್ಮ