ಮದುವೆ ಮುಗಿದ ಮೇಲೆ ಬಂದ ವೀಸಾ

ಮಾನ್ಯ ವೀಸಾ ಅಧಿಕಾರಿಗಳೇ,

ತಾವು ನನಗೆ ಹತ್ತು ದಿನಗಳ ವೀಸಾ ದಯಪಾಲಿಸಿದ್ದೀರಿ. ಪ್ರಯಾಣದ ಉದ್ದೇಶ 'ಅಕ್ಕನ ಮದುವೆ' ಎಂದು ಅದರಲ್ಲಿ ಸ್ಪಷ್ಟವಾಗಿ ಅಚ್ಚಾಗಿದೆ. ಮದುವೆ ಮಾತ್ರ ಹಿಂದಿನ ತಿಂಗಳೇ ಮುಗಿದಿತ್ತು.

ನಾನು ಹುಟ್ಟಿದ್ದು ಒಂದು ದೇಶದಲ್ಲಿ. ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜಿಕೊಂಡು ಬದುಕುತ್ತಿರುವುದು ಇನ್ನೊಂದರಲ್ಲಿ. ಅಕ್ಕ ಇರುವುದು ತಮ್ಮ ದೇಶದಲ್ಲಿ. ಇದು ತಮ್ಮ ಗುಮಾಸ್ತರಿಗೆ ಹಿಡಿಸಲಿಲ್ಲ.

"ನಿಮ್ಮ ದೇಶಕ್ಕೆ ಹೋಗಿ ಅಲ್ಲಿಂದ ಅರ್ಜಿ ಹಾಕಿ" ಎಂದರು.

"ಅಲ್ಲಿ ನನಗೆ ಮನೆಯಿಲ್ಲ, ಕೆಲಸವಿಲ್ಲ ಸಾರ್. ಇರೋದೆಲ್ಲ ಇಲ್ಲೇ."

"ಇಲ್ಲಿಗೆ ವಾಪಸ್ ಬರ್ತೀರಿ ಅಂತ ಏನು ಗ್ಯಾರಂಟಿ? ಇದು ನಿಮ್ಮ ದೇಶ ಅಲ್ವಲ್ಲ."

ಆಮೇಲೆ ಆಮಂತ್ರಣ ನೋಡಿದರು. "ಮದುಮಗಳಿಗೆ ಐವತ್ತೆಂಟಾ? ಮೊದಲನೇ ಮದುವೆನಾ?"

"ಹೌದು. ಅಮ್ಮ ತೀರಿಕೊಂಡಾಗ ನಾನಿನ್ನೂ ಕೈಗೂಸು. ನನ್ನ ಸಾಕೋದ್ರಲ್ಲಿ ಅವಳಿಗೆ ಪುರಸೊತ್ತಾಗಲಿಲ್ಲ."

ಅವರು ಏನನ್ನೋ ಟೈಪ್ ಮಾಡಿಕೊಂಡರು. ಪುರಸೊತ್ತಿಗೆ ತಮ್ಮ ಕಂಪ್ಯೂಟರಿನಲ್ಲಿ ಯಾವ ಪದವಿದೆಯೋ ತಿಳಿಯದು.

ಅರ್ಜಿ 'ಪರಿಶೀಲನೆಯಲ್ಲಿದೆ' ಎಂದೇ ಇತ್ತು. ಅಕ್ಕ ಮದುವೆಯನ್ನು ಒಮ್ಮೆ ಮುಂದೂಡಿದಳು. ಇನ್ನೊಮ್ಮೆ ಮುಂದೂಡುವ ಮಾತೆತ್ತಿದಾಗ ನಾನೇ ಫೋನಿನಲ್ಲಿ ರೇಗಿದೆ: "ಬೇಡ ಅಕ್ಕಾ, ನನಗೋಸ್ಕರ ಕಾದಿದ್ದು ಸಾಕು." ಕೊನೆಗೆ ಮದುಮಗಳ ಕಡೆಯ ಸಾಕ್ಷಿಯಾಗಿ ಅವಳ ಮನೆಯ ಮೇಲಿನ ಮಹಡಿಯ ಬಾಡಿಗೆದಾರರು ಸಹಿ ಹಾಕಿದರಂತೆ. ಒಳ್ಳೆಯ ಜನವಂತೆ.

ವಿಮಾನ ನಿಲ್ದಾಣದಲ್ಲಿ ತಮ್ಮವರು ಕೇಳಿದರು, "ಮದುವೆ ಯಾವತ್ತು?"

"ಆಗಿಹೋಯ್ತು ಸಾರ್."

"ಮತ್ತೆ ಈಗ್ಯಾಕೆ ಬಂದ್ರಿ?"

"ವೀಸಾ ಈಗ ಬಂತು."

ಪಾಪ, ಮುದ್ರೆ ಒತ್ತಿ ಬಿಟ್ಟರು.

ಅಕ್ಕ ಮದುವೆಯ ಬಟ್ಟೆಯನ್ನೇ ಉಟ್ಟು ಬಾಗಿಲು ತೆಗೆದಳು. ಹಿಂದೆ ಭಾವ, ಮೈಮೇಲೆ ಕೋಟು, ಕಾಲಲ್ಲಿ ಮನೆಯ ಚಪ್ಪಲಿ. "ಇನ್ನೊಂದ್ಸಲ ಮದುವೆ ಆಗೋಣ ಅಂದೆ ಕಣೇ, ಇವ್ರು ಕೋಟು ಹಾಕ್ಕೊಳ್ಳೋಕಷ್ಟೇ ಒಪ್ಪಿದ್ರು" ಎಂದಳು. ನಕ್ಕೆವು. ಆಮೇಲೆ ಅತ್ತೆವೋ ಇಲ್ಲವೋ ಎಂಬುದು ತಮ್ಮ ಕಚೇರಿಯ ವ್ಯಾಪ್ತಿಗೆ ಬರುವುದಿಲ್ಲ.

ವೀಸಾ ಮುಗಿಯುವ ಮೊದಲೇ ವಾಪಸ್ ಬಂದು ಗಾಜು ಉಜ್ಜುತ್ತಿದ್ದೇನೆ. ಬಂದಳೇ ಎಂದು ಈವರೆಗೆ ಯಾರೂ ವಿಚಾರಿಸಿಲ್ಲ.

ಆಮಂತ್ರಣ ಕೇಳುವವರು ಅದರ ಮೇಲಿನ ತಾರೀಖನ್ನೂ ಓದಬೇಕೆಂಬುದು ನನ್ನ ಆಗ್ರಹ. ಇಲ್ಲ ಎನ್ನುವುದಾದರೆ ಆ ತಾರೀಖಿನೊಳಗೆ ಇಲ್ಲ ಎನ್ನಿ. ಹಾಗೆಯೇ, ಮನುಷ್ಯರು ಬದುಕುತ್ತಿರುವ ಊರಿನಿಂದಲೇ ಅರ್ಜಿ ಹಾಕಲು ಬಿಡಿ. ಬದುಕದ ಊರಿನಿಂದ ಹಾಕುವುದು ತುಸು ಕಷ್ಟ. ಈ ಪತ್ರಕ್ಕೆ ಉತ್ತರಿಸಲು ಅವಸರವೇನಿಲ್ಲ.

ಇಂತಿ,
ಮದುವೆಯ ಯಾವ ಫೋಟೋದಲ್ಲೂ ಇಲ್ಲದ,
ಮದುಮಗಳ ಒಬ್ಬಳೇ ತಂಗಿ