ಚಿಲಕವಿಲ್ಲದ ಬಾಗಿಲು

ಅಣ್ಣಾ,

ಹಿಂದಿನ ಕೋಣೆಗೆ ಮರ ಹೊದಿಸಿ, ಒಲೆಯಿಟ್ಟು ನಾನು ಮಾಡಿಸಿದ, ಬಿಸಿಯಲ್ಲಿ ಕೂತು ಬೆವರುವ ಸೌನಾವನ್ನು ಕಿತ್ತುಹಾಕು ಎಂದು ಫೋನಿನಲ್ಲಿ ರೇಗಿದೆಯಲ್ಲ, ಕೀಳಿಸುವುದಿಲ್ಲ. ಕೋಲ್ಡ್ ಸ್ಟೋರೇಜಿನಲ್ಲಿ ಆಯುಷ್ಯ ಸವೆಸಿದ ಅಪ್ಪನ ಮೈಗೆ ಈಗಲಾದರೂ ಕಾವು ಹತ್ತಲಿ.

ಬಡಗಿ ಅಭ್ಯಾಸಬಲದಿಂದ ಬಾಗಿಲಿಗೆ ಹೊರಗಡೆ ಚಿಲಕ ಜಡಿದಿದ್ದ. ಅದನ್ನು ಕಂಡು ಅಪ್ಪ ಒಲೆ ಹಚ್ಚುವ ಮೊದಲೇ ಬೆವರಿದರು. ಹಿಂದೊಮ್ಮೆ ಹೊರಗಿನಿಂದ ಚಿಲಕ ಬಿದ್ದು ಆ ಕೊರೆಯುವ ಗೋದಾಮಿನೊಳಗೆ ಸಿಕ್ಕಿಹಾಕಿಕೊಂಡಿದ್ದರಲ್ಲ. ಚಿಲಕವನ್ನು ಅಲ್ಲೇ ಕಿತ್ತೆಸೆದೆ. ಆದರೂ ಅವರು ಬಾಗಿಲು ತೆರೆದಿಟ್ಟೇ ಕೂರುತ್ತಿದ್ದರು. ನಾನೂ ಹಟ ಬಿಡದೆ ದಿನಾ ಒಲೆ ಹಚ್ಚಿ, ಹೊಸ್ತಿಲಲ್ಲಿ ಸ್ಟೂಲು ಹಾಕಿಕೊಂಡು ಕಾದೆ.

ನಿನ್ನೆ ಅಪ್ಪ, "ಪಕ್ಕಕ್ಕೆ ಸರಿಯೇ, ಕಾವೆಲ್ಲ ಹೊರಗೆ ಹೋಗ್ತಿದೆ" ಎಂದು ನನ್ನನ್ನೇ ಗದರಿದರು.

ಭಾನುವಾರ ಟವೆಲ್ ಹಿಡಿದುಕೊಂಡು ಬಾ. ಜಗಳವೇನಿದ್ದರೂ ಒಳಗೇ ಕೂತು ಆಡೋಣ. ಬಾಗಿಲನ್ನು ಅಪ್ಪನೇ ಮುಚ್ಚುತ್ತಾರೆ.

ನಿನ್ನ ಹಟಮಾರಿ ತಂಗಿ