ಮುಂದಿನ ಸೀಟಿನ ಚಂಬವ್ವ

ತಾರಿಕೊಪ್ಪ
2268ನೆಯ ಇಸವಿ, ಎರಡನೆಯ ಶ್ರಾವಣದ ಮೂವತ್ತೊಂದನೆಯ ದಿನ

ಈ ಕಥೆಯನ್ನು ಮೊದಲು ಹೇಳಿದವನು ಬಾಡಿಗೆ ಕಾರಿನ ದುಂಡಪ್ಪ. ಹೇಳಿದ್ದು 2037ನೆಯ ಇಸವಿಯ ಮಾಘದಲ್ಲಿ, ಚಂಬವ್ವನನ್ನು ಮಣ್ಣು ಮಾಡಿದ ಮೂರನೆಯ ದಿನ, ಹಾಲು-ತುಪ್ಪ ಬಿಟ್ಟು ಬಂದವರು ಊಟಕ್ಕೆ ಕೂತಿದ್ದಾಗ. ಅಂದು ಎಲೆಯ ಮುಂದೆ ಕೂತು ಕೇಳಿದವರು ಮೊಮ್ಮಕ್ಕಳಿಗೆ ಹೇಳಿದರು. ಹಾಗೆ ಬಾಯಿಂದ ಬಾಯಿಗೆ ದಾಟಿ ನನ್ನ ಅಜ್ಜಿಗೆ ಬಂತು, ಅಜ್ಜಿಯಿಂದ ನನಗೆ. ನಡುವೆ ಯಾರಾದರೂ ಒಂದು ಚಿಟಿಕೆ ಉಪ್ಪು ಹೆಚ್ಚು ಹಾಕಿದ್ದರೆ ಅದು ನನ್ನ ತಪ್ಪಲ್ಲ.

ಮೇಲಿನ ತಾರೀಖು ನೋಡಿ ನೀವು ನಗಬಹುದು. ನಿಮ್ಮ ಪಂಚಾಂಗದ ತಿಂಗಳಿಗೆ ಮೂವತ್ತೊಂದನೆಯ ದಿನ ಇಲ್ಲವೆಂದು ನನಗೂ ಗೊತ್ತು. ಅಧಿಕ ಮಾಸ ಬಂದ ವರ್ಷ ನಾವು ತಿಂಗಳ ಬಾಲಕ್ಕೆ ಒಂದು ದಿನ ಕಟ್ಟುತ್ತೇವೆ. ಅದಕ್ಕೆ ಮೂಕದಿನ ಎಂದು ಹೆಸರು. ಮಾತಾಡುವ ಯಂತ್ರಗಳೆಲ್ಲ ಅಂದು ಬಾಯಿ ಮುಚ್ಚಿರುತ್ತವೆ. ಕೆರೆಯ ಹೂಳು ತೆಗೆದ ಹಾಗೆ ಅವುಗಳ ಹೂಳು ತೆಗೆಯುತ್ತಾರೆ. ಕಥೆ ಹೇಳುವವರಿಗೆ ಅದು ಒಳ್ಳೆಯ ದಿನ. ನನ್ನ ಮಾತುಗಳಲ್ಲಿ ಕೆಲವು ನಿಮಗೆ ವಿಚಿತ್ರವಾಗಿ ಕೇಳಿದರೆ ಕ್ಷಮೆ ಇರಲಿ. ಕಾಗದ ಕಳಿಸುತ್ತಿರುವುದು ಹಿನ್ನೀರ ಅಂಚೆಯಲ್ಲಿ. ಅಣೆಕಟ್ಟಿನ ನೀರು ಹಿಂದಕ್ಕೆ ಸರಿದು ಮೇಲಿನ ಊರುಗಳನ್ನು ಮುಟ್ಟುವ ಹಾಗೆ, ಈ ಅಂಚೆಯ ಕಾಗದ ಹಿಂದಿನ ವರ್ಷಗಳನ್ನು ಮುಟ್ಟುತ್ತದೆಯಂತೆ. ಕಾಗದ ಮಾತ್ರ, ಮನುಷ್ಯರಲ್ಲ. ಹೇಗೆ ಎಂದು ಅಂಚೆಯವನನ್ನು ಕೇಳಿದರೆ ಅವನಿಗೂ ಗೊತ್ತಿಲ್ಲ.

ನಮ್ಮಲ್ಲಿ ಕಾರುಗಳಿಲ್ಲ. ದೂರಕ್ಕೆ ಹೋಗಬೇಕಾದರೆ ದಾರಿಗಾಡಿ ಇದೆ, ಹತ್ತಿರಕ್ಕೆ ಹೊರೆಗಾಲು. ಹೊರೆಗಾಲು ಎಂದರೆ ನಿಮ್ಮ ಕಾಲದ ಕತ್ತೆಯಷ್ಟು ಎತ್ತರದ, ನಾಲ್ಕು ಕಾಲಿನ ಯಂತ್ರ. ಜೋಳದ ಚೀಲ ಹೊತ್ತು ಬದುವಿನ ಮೇಲೆ ನಡೆಯುತ್ತದೆ. ಹಿಂದಿನಿಂದ ಹೋದರೆ ಒದೆಯುವುದಿಲ್ಲ. ಕತ್ತೆಗಿಂತ ಅದಕ್ಕಿರುವ ಹೆಚ್ಚುಗಾರಿಕೆ ಅದೊಂದೇ. ಮನೆಗಳ ಮೇಲೆ ಬಿಸಿಲುಹಂಚು ಹೊದಿಸಿದ್ದೇವೆ, ಅವು ಹಗಲೆಲ್ಲ ಬಿಸಿಲು ಕುಡಿದು ಸಂಜೆ ಒಲೆಗೆ ಕೊಡುತ್ತವೆ. ರೊಟ್ಟಿಯನ್ನು ಮಾತ್ರ ಈಗಲೂ ಕೈಯಿಂದಲೇ ಬಡಿಯುತ್ತೇವೆ. ಯಂತ್ರ ಬಡಿದ ರೊಟ್ಟಿಯನ್ನು ನಮ್ಮ ಊರಲ್ಲಿ ಒಬ್ಬ ತಿಂದಿದ್ದ, ಅವನ ಹೆಸರು ಹೇಳುವುದು ಬೇಡ.

ದುಂಡಪ್ಪನ ಕಾರು ನಿಮ್ಮ ಅಂಗಳದಲ್ಲಿರುವ ವಿದ್ಯುತ್ ಕಾರಿನ ತಮ್ಮ. ಹೊಗೆಯಿಲ್ಲ, ಸದ್ದಿಲ್ಲ, ಓಟ ಚೆನ್ನ. ಆದರೆ ಅದಕ್ಕೆ ತಿಳಿವಳಿಕೆ ಜಾಸ್ತಿ. ಬಾಗಿಲ ಹಿಡಿಕೆ ಮೈಯೊಳಗೆ ಹುದುಗಿರುತ್ತಿತ್ತು. ಅದಕ್ಕೆ ಮನಸ್ಸು ಬಂದಾಗ ಹೊರಗೆ ಬರುವುದು. ಗಾಳಿ ಹೆಚ್ಚು ಮಾಡಬೇಕೆಂದರೂ ಗಾಜಿನ ತೆರೆಯನ್ನು ತಿಕ್ಕಬೇಕು, ಬೆರಳಿಗೆ ಸುಣ್ಣ ಹತ್ತಿದ್ದರೆ ತೆರೆ ಬೆರಳನ್ನು ಒಪ್ಪುತ್ತಿರಲಿಲ್ಲ. ಎಲೆ-ಅಡಿಕೆ ಹಾಕುವ ದುಂಡಪ್ಪನ ಬೆರಳಿಗೆ ಸುಣ್ಣ ಇಲ್ಲದ ಗಳಿಗೆ ಯಾವುದು? ಅವನ ಕಣ್ಣುಗಳು ಹುಟ್ಟಾ ಸಣ್ಣವು. ಅದಕ್ಕೆ ಕಾರು ಹತ್ತು ನಿಮಿಷಕ್ಕೊಮ್ಮೆ, "ಚಾಲಕರು ತೂಕಡಿಸುತ್ತಿದ್ದಾರೆ, ದಯವಿಟ್ಟು ವಿಶ್ರಾಂತಿ ಪಡೆಯಿರಿ" ಎನ್ನುತ್ತಿತ್ತು. ಶಾಲೆಯ ಮೇಡಂ ದನಿ. ದುಂಡಪ್ಪ ಅದನ್ನು ಅಕ್ಕೋರು ಎಂದೇ ಕರೆಯುತ್ತಿದ್ದ. "ಇವು ನಮ್ಮಪ್ಪ ಕೊಟ್ಟ ಕಣ್ಣರೀ ಅಕ್ಕೋರ, ಇದಕಿಂತ ದೊಡ್ಡೂ ತೆಗಿಯಾಕ ಬರಂಗಿಲ್ಲ" ಎಂದು ಅದರ ಜೊತೆ ಜಗಳಾಡುತ್ತಲೇ ಗಾಡಿ ಹೊಡೆಯುತ್ತಿದ್ದ. ಮುಂದಿನ ಸೀಟಿನಲ್ಲಿ ಕುಂಬಳಕಾಯಿ ಇಟ್ಟರೂ ಬೆಲ್ಟು ಹಾಕು ಎಂದು ಚೀರುತ್ತಿತ್ತು. ಅವನು ಕುಂಬಳಕಾಯಿಗೂ ಬೆಲ್ಟು ಹಾಕುತ್ತಿದ್ದ. ಹೀಗೆ ಹೊಂದಿಕೊಂಡು ಸಂಸಾರ ನಡೆದಿತ್ತು.

ಚಂಬವ್ವ ತಾರಿಕೊಪ್ಪದವಳು. ಕೊನೆಯ ಎರಡು ವರ್ಷ ಜಿಲ್ಲೆಯ ಊರಿನಲ್ಲಿ ಮಗಳು ದ್ರಾಕ್ಷಾಯಿಣಿಯ ಮನೆಯಲ್ಲಿದ್ದಳು. ದ್ರಾಕ್ಷಾಯಿಣಿ ಮೂವತ್ತೊಂದು ವರ್ಷ ಬಸ್ಸಿನ ಕಂಡಕ್ಟರ್ ಆಗಿ ನಿವೃತ್ತಳಾದವಳು. ಮಾಘದ ಒಂದು ಬೆಳಿಗ್ಗೆ ಚಂಬವ್ವ ಚಹಾ ಕುಡಿದು, ಬಟ್ಟಲು ಕೆಳಗಿಟ್ಟು, ಹಾಗೆಯೇ ಹೋಗಿಬಿಟ್ಟಳು. ಊರಲ್ಲಿದ್ದ ಮಗ ಅಡಿವೆಪ್ಪ ತನ್ನ ಹೊಲದಲ್ಲಿ ಅಪ್ಪನ ಗದ್ದುಗೆಯ, ಅಂದರೆ ಸಮಾಧಿಯ, ಪಕ್ಕ ಕುಣಿ ತೆಗೆಸಿದ. ಅವರ ಮನೆತನದಲ್ಲಿ ಸತ್ತವರನ್ನು ಕೂಡಿಸಿ ಮಣ್ಣು ಮಾಡುವ ಪದ್ಧತಿ. ತೆಗೆದ ಕುಣಿಯನ್ನು ಬರಿದಾಗಿ ಹೊತ್ತು ಮುಳುಗಲು ಬಿಡಬಾರದು ಎಂಬ ನಂಬಿಕೆಯೂ ಇತ್ತು. ಬಿಟ್ಟರೆ ಅದು ಬೇರೆ ಯಾರನ್ನೋ ಕೇಳುತ್ತದೆ ಎನ್ನುತ್ತಿದ್ದರು. ಅಡಿವೆಪ್ಪನ ಹೆಂಡತಿ ಆಗ ತುಂಬು ಬಸುರಿ. ಹಾಗಾಗಿ ಅವನ ಜೀವ ಕೈಯಲ್ಲಿತ್ತು.

ಹೆಣದ ಗಾಡಿ ಬೇರೆ ಕಡೆ ಹೋಗಿತ್ತು. ದುಂಡಪ್ಪ, "ನಾ ಒಯ್ತೀನಿ ತಗೋ ಯಕ್ಕಾ, ಮೂವತ್ತೆಂಟು ಕಿಲೋಮೀಟರು, ಒಂದ ತಾಸಿನ ದಾರಿ" ಅಂದ. ಚಂಬವ್ವನಿಗೆ ಸ್ನಾನ ಮಾಡಿಸಿ, ವಿಭೂತಿ ಹಚ್ಚಿ, ಹೊಸ ಇಳಕಲ್ ಸೀರೆ ಉಡಿಸಿ ಕೂಡಿಸಿದ್ದರು. ಮೈ ಹಾಗೆಯೇ ಬಿಗಿದಿತ್ತು. ಅದೇ ಭಂಗಿಯಲ್ಲಿ ಎತ್ತಿ ಮುಂದಿನ ಸೀಟಿನಲ್ಲಿ ಕೂಡಿಸಿದರು. ಅಕ್ಕೋರು ಬೆಲ್ಟು ಕೇಳಿದರು, ದುಂಡಪ್ಪ ರೂಢಿಯಂತೆ ಹಾಕಿದ. ದ್ರಾಕ್ಷಾಯಿಣಿ ಹಿಂದಿನಿಂದ ತಾಯಿಯ ಭುಜ ಹಿಡಿದು ಕೂತಳು. ಮಧ್ಯಾಹ್ನ ಒಂದೂವರೆಗೆ ಹೊರಟರು.

ಬೆಲ್ಟು ಹಾಕಿದ್ದೇ ತಪ್ಪಾಯಿತು. ಕುಂಬಳಕಾಯಿಗೆ ಹಾಕಿದಾಗ ಕಾರು ಸುಮ್ಮನಿರುತ್ತಿತ್ತು, ಯಾಕೆಂದರೆ ಕುಂಬಳಕಾಯಿಗೆ ಮುಖವಿರಲಿಲ್ಲ. ಹದಿನಾರು ಕಿಲೋಮೀಟರು ಹೋಗುವಷ್ಟರಲ್ಲಿ ಅಕ್ಕೋರು ಮಾತಾಡಿದರು: "ಮುಂದಿನ ಆಸನದ ಪ್ರಯಾಣಿಕರ ಉಸಿರಾಟ ಕಂಡುಬರುತ್ತಿಲ್ಲ. ಗಾಬರಿಯಾಗಬೇಡಿ. ಹತ್ತಿರದ ಆಸ್ಪತ್ರೆಗೆ ಹೋಗುತ್ತಿದ್ದೇವೆ." ಸ್ಟೀರಿಂಗು ದುಂಡಪ್ಪನ ಕೈಯಲ್ಲಿ ತಾನಾಗಿಯೇ ತಿರುಗಿತು. ಬಾಗಿಲುಗಳು ಟಕ್ಕೆಂದು ಮುಚ್ಚಿಕೊಂಡವು.

"ಏ ಅಕ್ಕೋರ, ಸತ್ತಾರ್ರೀ ಅವರು! ಮುಂಜಾನೆನ ಸತ್ತಾರ!" ದುಂಡಪ್ಪ ಕೂಗಿದ.

"ಗಾಬರಿಯಾಗಬೇಡಿ. ಸಹಾಯ ಹತ್ತಿರದಲ್ಲಿದೆ."

"ಗಾಬರಿ ನಿನಗ ಆಗೇತೊ, ನನಗ ಆಗೇತೊ?"

ಹೋಬಳಿಯ ಆಸ್ಪತ್ರೆಯ ಮುಂದೆ ಕಾರು ತಾನೇ ನಿಂತು ಹಾರನ್ ಹೊಡೆಯಿತು. ನರ್ಸು ಓಡಿಬಂದಳು, ನೋಡಿದಳು, ಕೈ ಮುಗಿದಳು. "ಇವರು ಹೋಗಿ ಭಾಳ ಹೊತ್ತಾಗೇತಲ್ರೀ" ಎಂದಳು. "ಅದನ್ನ ಇದಕ್ಕ ಹೇಳ್ರಿ ತಾಯಿ" ಎಂದ ದುಂಡಪ್ಪ. ಮತ್ತೆ ಹೊರಟರು. ಎರಡು ಕಿಲೋಮೀಟರಿಗೆ ಅಕ್ಕೋರು ಮತ್ತೆ ಉಸಿರು ಹುಡುಕಿದರು, ಸಿಗಲಿಲ್ಲ, ಮತ್ತೆ ಆಸ್ಪತ್ರೆ. ಈ ಸಲ ನರ್ಸು ಬಾಗಿಲಲ್ಲಿಯೇ ನಿಂತಿದ್ದಳು. ದುಂಡಪ್ಪ ತೆರೆಯ ಮೇಲೆ ಉಸಿರು ಹುಡುಕುವ ಆ ಕಟ್ಟಳೆ ತೆಗೆಯುವ ಜಾಗ ಹುಡುಕಿದ. ಒಂದು ಚೌಕದ ಮನೆ ತೆಗೆದರೆ ಒಳಗೆ ಏಳು ಮನೆ, ಏಳರ ಒಳಗೆ ಇನ್ನೇಳು. ಕಂಪನಿಗೆ ಫೋನು ಮಾಡಿದ. ಅಲ್ಲಿಂದ ಕೊಳಲಿನ ಸಂಗೀತ ಬಂತು, ಇಪ್ಪತ್ತು ನಿಮಿಷ ಬರುತ್ತಲೇ ಇತ್ತು. ಮೂರನೆಯ ಸಲ ಚಂಬವ್ವನ ಮುಖಕ್ಕೆ ಸೆರಗು ಮುಚ್ಚಿ ಹೊರಟರು. ಅರ್ಧ ಕಿಲೋಮೀಟರು ಕೂಡ ಹೋಗಲಿಲ್ಲ; ಒಮ್ಮೆ ಕಂಡ ಮುಖವನ್ನು ಅಕ್ಕೋರು ಮರೆತಿರಲಿಲ್ಲ, ಮತ್ತೆ ಅದೇ ಆಸ್ಪತ್ರೆ. ಆಗ ನಾಲ್ಕೂವರೆ. ಅಡಿವೆಪ್ಪ ಫೋನಿನಲ್ಲಿ ಅಳುದನಿಯಲ್ಲಿ, "ಯಕ್ಕಾ, ಎಲ್ಲಿದ್ದೀರಿ? ಕುಣಿ ಬಾಯಿ ತಕ್ಕೊಂಡು ಕುಂತೈತಿ" ಅಂದ.

ಮೂರು ಸಲವೂ ಅದೇ ಆದ ಮೇಲೆ ಕಾರು ಸೋತಿತೆಂದು ಕಾಣುತ್ತದೆ. ತೆರೆಯ ಮೇಲೆ ಒಂದು ಪ್ರಶ್ನೆ ಬಂತು: ಮುಂದಿನ ಆಸನದಲ್ಲಿರುವುದು ಪ್ರಯಾಣಿಕರೋ, ಸಾಮಾನೋ? ಕೆಳಗೆ ಎರಡು ಮನೆಗಳು. ಸಾಮಾನು ಎಂದರೆ ಉಸಿರು ಹುಡುಕುವುದನ್ನು ಬಿಡುತ್ತೇನೆ, ಮುಂದೆ ಹೋಗಬಹುದು ಎಂದು ಸಣ್ಣ ಅಕ್ಷರದಲ್ಲಿ ಬರೆದಿತ್ತು. ದುಂಡಪ್ಪನಿಗೆ ಹೋದ ಜೀವ ಬಂದಂತಾಯಿತು. ಬೆರಳನ್ನು ಅಂಗಿಗೆ ಒರೆಸಿಕೊಂಡು ಮುಂದೆ ಮಾಡಿದ. ಹಿಂದಿನಿಂದ ದ್ರಾಕ್ಷಾಯಿಣಿ ಅವನ ಮಣಿಕಟ್ಟು ಹಿಡಿದಳು.

"ಏನ್ ಒತ್ತಾಕ ಹೊಂಟಿ?"

"ಯಕ್ಕಾ, ಬರೇ ಮಷೀನು. ಯಾರು ನೋಡ್ತಾರು?"

"ಮೂವತ್ತೊಂದು ವರ್ಷ ಲಗೇಜ್ ಟಿಕೀಟು ಹರದಾಕಿ ನಾನು. ಹುಂಜಕ್ಕ ಹರದೀನಿ, ಸೈಕಲ್ಲಿಗೆ ಹರದೀನಿ, ಒಬ್ಬಾಂವ ಮಂಚ ತಂದಿದ್ದ, ಅದಕ್ಕೂ ಹರದೀನಿ. ಯಾವುದು ಲಗೇಜ್ ಅಂತ ನನಗ ಇದರಿಂದ ಕಲೀಬೇಕೇನು? ನಮ್ಮವ್ವನ್ನ ಲಗೇಜ್ ಅಂತ ಬರಸಂಗಿಲ್ಲ."

"ಹೊತ್ತು ಮುಳಗತೈತಿ, ಯಕ್ಕಾ. ನಿಮ್ಮ ತಮ್ಮನ ಹೇಂತಿ..."

"ನನಗ ಗೊತ್ತೈತಿ." ಅವಳು ಮಣಿಕಟ್ಟು ಬಿಡಲಿಲ್ಲ ಎಂದು ದುಂಡಪ್ಪ ಹೇಳಿದ. "ಗೊತ್ತಿದ್ದ ಹೇಳಾಕತ್ತೀನಿ. ಅದು ಕೇಳ್ತು. ಕೇಳಿದ ಮ್ಯಾಲೆ ನಾವು ಹೇಳಿದ್ದು ಸುಳ್ಳ ಆಗಬಾರದು. ಹಿಡಿಕಿ ತೆಗಿ, ಇಳಸು."

ನರ್ಸು ಒಂದು ಕುರ್ಚಿ ಕೊಟ್ಟಳು. ಮೂವರೂ ಸೇರಿ ಚಂಬವ್ವನನ್ನು ಅದರಲ್ಲಿ ಕೂಡಿಸಿ ರಸ್ತೆಯ ಪಕ್ಕಕ್ಕೆ ತಂದರು. ತಾರಿಕೊಪ್ಪಕ್ಕೆ ಇನ್ನೂ ಇಪ್ಪತ್ತೆರಡು ಕಿಲೋಮೀಟರು. ದ್ರಾಕ್ಷಾಯಿಣಿ ರಸ್ತೆಯ ನಡುವೆ ನಿಂತು ಎರಡು ಬೆರಳು ಬಾಯಿಗಿಟ್ಟು ಶಿಳ್ಳೆ ಹೊಡೆದಳು. ಮೊದಲು ಎರಡು ಕಾರುಗಳು ಬಂದವು. ಎದುರಿಗೆ ಮನುಷ್ಯರಿದ್ದಾರೆಂದು ತಾವೇ ಬ್ರೇಕು ಹಾಕಿ, ಸುತ್ತು ಬಳಸಿ ಹೋದವು. ಒಳಗಿದ್ದವರು ತಲೆ ಎತ್ತಲೇ ಇಲ್ಲ. ಮೂರನೆಯದು ಸಕ್ಕರೆ ಕಾರ್ಖಾನೆಗೆ ಕಬ್ಬು ಇಳಿಸಿ ಬರುತ್ತಿದ್ದ ಹಳೆಯ ಟ್ರ್ಯಾಕ್ಟರು. ಅದರ ಡ್ರೈವರ್ ಹುಸೇನಸಾಬ ನಿಲ್ಲಿಸಿ ಕುರ್ಚಿಯ ಕಡೆ ನೋಡಿದ.

"ಎಷ್ಟ ಮಂದಿ, ಬೇ?"

"ಎರಡು ಫುಲ್ಲು" ಎಂದಳು ದ್ರಾಕ್ಷಾಯಿಣಿ.

ಹುಸೇನಸಾಬ ಇಳಿದ. ಚಪ್ಪಲಿ ಕಳಚಿ ಇಂಜಿನ್ನಿನ ಪಕ್ಕ ಇಟ್ಟ. ಟ್ರೇಲರಿನಲ್ಲಿ ಉಳಿದಿದ್ದ ಕಬ್ಬಿನ ಒಣ ಎಲೆಯ ರವದಿಯನ್ನು ಒಂದು ಕಡೆ ಸರಿಸಿ, ತನ್ನ ಟವೆಲ್ಲು ಹಾಸಿ, ಕುರ್ಚಿಯನ್ನು ಹಗ್ಗದಿಂದ ಕಟ್ಟಿದ. ದ್ರಾಕ್ಷಾಯಿಣಿ ಹಿಂದೆ ನಿಂತು ತಾಯಿಯ ತಲೆಯನ್ನು ತನ್ನ ಹೊಟ್ಟೆಗೆ ಒರಗಿಸಿಕೊಂಡಳು. ತಗ್ಗು ಬಂದಲ್ಲೆಲ್ಲ ಹುಸೇನಸಾಬ ಹಿಂದೆ ತಿರುಗಿ, "ಹುಷಾರು ಅವ್ವಾ, ತಗ್ಗ ಬಂತು" ಎನ್ನುತ್ತಿದ್ದ. ಯಾರಿಗೆ ಹೇಳುತ್ತಿದ್ದನೋ, ಇಬ್ಬರಿಗೂ ಇರಬೇಕು. ದುಂಡಪ್ಪ ಖಾಲಿ ಕಾರಿನಲ್ಲಿ ಹಿಂದೆ ಬಂದ. ಖಾಲಿ ಸೀಟಿನ ಬಗ್ಗೆ ಅಕ್ಕೋರಿಗೆ ಯಾವ ದೂರೂ ಇರಲಿಲ್ಲ.

ಹೊಲ ಮುಟ್ಟಿದಾಗ ಸೂರ್ಯ ಜೋಳದ ತೆನೆಗಳ ಮಟ್ಟಕ್ಕೆ ಇಳಿದಿದ್ದ. ಅಡಿವೆಪ್ಪ ಓಡಿಬಂದು ಟ್ರೇಲರಿಗೆ ತಲೆ ಇಟ್ಟು ಅತ್ತ. ಕೂಡಿಸಿ, ವಿಭೂತಿ ಸುರಿದು, ಉಪ್ಪು ಹಾಕಿ, ಎಲ್ಲರೂ ಮೂರು ಮೂರು ಹಿಡಿ ಮಣ್ಣು ಹಾಕುವ ಹೊತ್ತಿಗೆ ಕೆಂಪು ಇನ್ನೂ ಉಳಿದಿತ್ತು. ಹುಸೇನಸಾಬನೂ ಮೂರು ಹಿಡಿ ಹಾಕಿದ. ಎಂಟು ದಿನಕ್ಕೆ ಅಡಿವೆಪ್ಪನ ಹೆಂಡತಿ ಹೆಣ್ಣು ಹೆತ್ತಳು. ನಾನು ಆ ಕೂಸಿನ ಬಳ್ಳಿಯವನು.

ನಿಮಗೆ ಈ ಕಾಗದ ಯಾಕೆ ಬರೆದೆನೆಂದರೆ, ನಿಮ್ಮ ಕೈಯಲ್ಲಿ ಇನ್ನೂ ಹೊತ್ತಿದೆ. ನಮ್ಮ ಕಾಲದಲ್ಲಿ ಮನುಷ್ಯರನ್ನು ಪ್ರಶ್ನೆ ಕೇಳುವ ಪ್ರತಿ ಯಂತ್ರಕ್ಕೂ, ದಾರಿಗಾಡಿಯಿಂದ ಹೊರೆಗಾಲಿನವರೆಗೆ, ಖಾಲಿಮನೆ ಇರಲೇಬೇಕೆಂದು ಕಟ್ಟಳೆಯಿದೆ. ಖಾಲಿಮನೆ ಎಂದರೆ ಉತ್ತರಗಳ ಕೊನೆಯಲ್ಲಿ ಬರಿದಾಗಿ ಬಿಟ್ಟ ಒಂದು ಚೌಕ. ನೀನು ಕೊಟ್ಟ ಮಾತುಗಳಲ್ಲಿ ನನ್ನ ಮಾತು ಇಲ್ಲ ಎಂದು ಅದನ್ನು ಒತ್ತಿದರೆ ಯಂತ್ರ ಸುಮ್ಮನಾಗಬೇಕು, ಚುಕ್ಕಾಣಿಯನ್ನು ಮನುಷ್ಯರ ಕೈಗೆ ಬಿಡಬೇಕು. ಅದು ತಾನಾಗಿ ಬಂದದ್ದಲ್ಲ. ಅದು ಬರುವಷ್ಟರಲ್ಲಿ ಬಹಳ ಜನ ಬಹಳ ವರ್ಷ ತಮ್ಮವರನ್ನು ತಪ್ಪು ಮನೆಯಲ್ಲಿ ಬರೆಸಿದರು. ಅವಸರವಿತ್ತು, ಬೆರಳು ಒತ್ತಿತು, ಗಾಡಿ ಹೊರಟಿತು. ಅವರನ್ನು ನಾನು ಬೈಯಲಾರೆ. ನಿಮ್ಮಲ್ಲಿ ಕೇಳಿಕೊಳ್ಳುವುದಿಷ್ಟೇ: ಕಾರು ಕೊಳ್ಳಲು ಹೋದಾಗ ಅದು ಎಷ್ಟು ದೂರ ಓಡುತ್ತದೆ ಎಂದು ಕೇಳಿ, ತಪ್ಪಲ್ಲ. ನಾನು ಇಲ್ಲ ಅಂದರೆ ಇದು ಏನು ಮಾಡುತ್ತದೆ ಎಂದೂ ಒಂದು ಮಾತು ಕೇಳಿ. ಬಾಗಿಲ ಹಿಡಿಕೆ ಎಲ್ಲಿದೆ ಎಂದೂ ನೋಡಿಕೊಳ್ಳಿ. ನಿಮ್ಮ ದಾರಿ ಸುಗಮವಾಗಲಿ, ಮಕ್ಕಳು ಮರಿ ತಂಪಾಗಿರಲಿ. ಇಲ್ಲಿಂದ ನಾನು ಕೈ ಮುಗಿಯುತ್ತೇನೆ.

ಇನ್ನು ಅಂದು ಎಲೆಯ ಮುಂದೆ ಕೂತು ಕೇಳಿದವರ ಸಂಗತಿ. ದುಂಡಪ್ಪ ಕಥೆ ಮುಗಿಸಿದಾಗ ಎಲ್ಲರೂ ಕೈ ತೊಳೆದು ಮನೆಗೆ ಹೋದರು. ಮರುದಿನ ಬೆಳಿಗ್ಗೆ ಹನ್ನೆರಡು ಜನ ಮಿಂದು, ಮಡಿಯುಟ್ಟು ದ್ಯಾಮವ್ವನ ಗುಡಿಗೆ ಬಂದರು. ಪೂಜಾರಿಯನ್ನು ಒಪ್ಪಿಸಿ ಊರದೇವಿಯ ಕಟ್ಟಿಗೆಯ ಮೂರ್ತಿಯನ್ನು ಸೀರೆ, ಬಳೆ, ಮೂಗುತಿ ಸಮೇತ ಎತ್ತಿ ತಂದು ದುಂಡಪ್ಪನ ಕಾರಿನ ಮುಂದಿನ ಸೀಟಿನಲ್ಲಿ ಕೂಡಿಸಿ ಬೆಲ್ಟು ಹಾಕಿದರು. ಮೂರ್ತಿಗೆ ಮುಖವಿತ್ತು, ಉಸಿರಿರಲಿಲ್ಲ. ಅಕ್ಕೋರು ದಾರಿಯಲ್ಲಿ ಮೂರು ಸಲ ಅದೇ ಆಸ್ಪತ್ರೆ ತೋರಿಸಿದರು; ಅದೇ ನರ್ಸು ಈ ಸಲ ಊದುಬತ್ತಿ ಹಚ್ಚಿದಳು. ಪ್ರಯಾಣಿಕರೋ, ಸಾಮಾನೋ ಎಂಬ ಪ್ರಶ್ನೆ ಬಂದಾಗ ಯಾರೂ ಬೆರಳೆತ್ತಲಿಲ್ಲ. ಕಾರನ್ನು ಹುಸೇನಸಾಬನ ಟ್ರೇಲರಿಗೆ ಏರಿಸಿಕೊಂಡು ಜಿಲ್ಲೆಯ ಊರಿನ ಕಂಪನಿಯ ಅಂಗಡಿಯ ಮುಂದೆ ಇಳಿಸಿದರು. ಗಾಜಿನ ಬಾಗಿಲು ತೆರೆದು ಮ್ಯಾನೇಜರ್ ಹೊರಬಂದು ಏನು ತೊಂದರೆ ಎಂದು ಕೇಳಿದ. ದ್ರಾಕ್ಷಾಯಿಣಿ ಪಕ್ಕಕ್ಕೆ ಸರಿದು ದಾರಿ ಬಿಟ್ಟಳು. "ನಿಮ್ಮ ಕಾರು ಒಂದ ಮಾತು ಕೇಳಾಕತ್ತೈತ್ರಿ. ನಮಗ ತಿಳಿವಲ್ದು. ನೀವ ಒತ್ರಿ" ಎಂದಳು. ಮ್ಯಾನೇಜರ್ ಬಗ್ಗಿ ಒಳಗೆ ನೋಡಿದ. ಮೊದಲು ಬೂಟು ಬಿಚ್ಚಿದ. ಆಮೇಲೆ ತೆರೆಯ ಮೇಲಿನ ಎರಡು ಮನೆಗಳ ಮುಂದೆ ಬೆರಳೆತ್ತಿ ಬಹಳ ಹೊತ್ತು ಹಾಗೆಯೇ ನಿಂತ.